ಜೆನೆರಿಕ್ ಔಷಧ ಮತ್ತು ‘80–125’ರ ಲೆಕ್ಕ

ಔಷಧ ತಯಾರಿಕೆ ಹಾಗೂ ಸಗಟು ವ್ಯಾಪಾರದಲ್ಲಿ ತೊಡಗಿರುವ ನಮ್ಮ ಸದಸ್ಯರ ನಡುವೆ ಒಂದು ಮಾತು ಬಹುಕಾಲದಿಂದ ಚಲಾವಣೆಯಲ್ಲಿದೆ. “ಜೆನೆರಿಕ್ ಔಷಧಕ್ಕೆ ಶೇ. 80ರಿಂದ 125ರವರೆಗೆ ಅವಕಾಶವಿದೆ. ಮೂಲ ಕಂಪನಿಯ ಮಾಲಿಗಿಂತ ಶೇ. 20ರಷ್ಟು ಕಡಿಮೆ ಇದ್ದರೂ ಪಾಸಾಗುತ್ತದೆ” ಎಂಬುದೇ ಆ ಮಾತು. ಇದನ್ನು ಕೇಳಿದ ಗ್ರಾಹಕನು ಕಡಿಮೆ ಬೆಲೆಯ ಔಷಧವನ್ನು ಅನುಮಾನದಿಂದ ನೋಡುತ್ತಾನೆ. ಇದನ್ನೇ ನಂಬಿದ ಸಣ್ಣ ತಯಾರಕನು ತನ್ನ ಮಾಲು ಹತ್ತಿರಹತ್ತಿರ ಇದ್ದರೆ ಸಾಕೆಂದು ಭಾವಿಸಿ ಪರೀಕ್ಷೆಗೆ ಹಣ ತೊಡಗಿಸುತ್ತಾನೆ. ಫಲಿತಾಂಶ ಬಂದಾಗ ಕಂಗೆಡುತ್ತಾನೆ. ಒಂದೇ ತಪ್ಪು ತಿಳಿವಳಿಕೆಯಿಂದ ಇಬ್ಬರಿಗೂ ನಷ್ಟ.

ವಾಸ್ತವದಲ್ಲಿ ಈ ಎರಡು ಅಂಕಿಗಳು ಮಾತ್ರೆಯಲ್ಲಿರುವ ಔಷಧದ ತೂಕಕ್ಕೆ ಸಂಬಂಧಿಸಿದವಲ್ಲ. ಅವು ಮಾನವ ರಕ್ತದಲ್ಲಿ ಅಳೆದ ಔಷಧದ ಪ್ರಮಾಣವನ್ನು ಕುರಿತ ಒಂದು ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಗಡಿಗಳು. ಆ ಪರೀಕ್ಷೆಯಲ್ಲಿ ರುಜುವಾತಿನ ಹೊಣೆ ಸಂಪೂರ್ಣವಾಗಿ ತಯಾರಕನ ಮೇಲಿದೆ. ಈ ಲೇಖಕನು ಲೆಕ್ಕಪರಿಶೋಧಕನೇ ಹೊರತು ಔಷಧ ವಿಜ್ಞಾನಿಯಲ್ಲ. ಆದರೆ ನಿಯಮದ ತಿರುಳು ರಸಾಯನಶಾಸ್ತ್ರಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿರುವುದರಿಂದ, ವಾಣಿಜ್ಯದ ದೃಷ್ಟಿಯಿಂದ ಅದನ್ನು ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ನಿಯಮ ಹುಟ್ಟಿದ ಬಗೆ

ಲೇಬಲ್ಲಿನ ಮೇಲೆ ನಮೂದಿಸಿದಷ್ಟು ಔಷಧವು ಮಾತ್ರೆಯಲ್ಲಿದ್ದರೆ ಸಾಲದೇ ಎಂಬ ಪ್ರಶ್ನೆ ಸಹಜವಾದುದು. ಸಾಲದು ಎಂಬುದನ್ನು ಎರಡು ಘಟನೆಗಳು ತೋರಿಸಿಕೊಟ್ಟವು. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಸೇವಿಸುತ್ತಿದ್ದ ರೋಗಿಗಳಲ್ಲಿ ಔಷಧ ಹೆಚ್ಚಾದ ಲಕ್ಷಣಗಳು ಕಾಣಿಸಿಕೊಂಡವು. ಕ್ಯಾಪ್ಸೂಲಿನಲ್ಲಿದ್ದ ಔಷಧದ ಪ್ರಮಾಣ ಬದಲಾಗಿರಲಿಲ್ಲ. ಬದಲಾಗಿದ್ದುದು ಅದರೊಡನೆ ತುಂಬುವ ಪುಡಿ ಮಾತ್ರ. ಕ್ಯಾಲ್ಸಿಯಂ ಸಲ್ಫೇಟಿನ ಬದಲು ಲ್ಯಾಕ್ಟೋಸ್ ಬಳಸಲಾಗಿತ್ತು. ಅಷ್ಟರಿಂದಲೇ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಏರಿಬಿಟ್ಟಿತ್ತು. 1971ರಲ್ಲಿ ಅಮೆರಿಕದ ವೈದ್ಯ ಜಾನ್ ಲಿಂಡೆನ್‌ಬಾಮ್ ಮತ್ತು ಸಂಗಡಿಗರು, ಹೃದ್ರೋಗಕ್ಕೆ ಬಳಸುವ ಡಿಗಾಕ್ಸಿನ್ ಮಾತ್ರೆಗಳನ್ನು ಪರೀಕ್ಷಿಸಿ, ಬೇರೆ ಬೇರೆ ಮಾತ್ರೆಗಳಿಂದ ರಕ್ತದಲ್ಲಿ ಕಂಡುಬರುವ ಮಟ್ಟದಲ್ಲಿ ಏಳು ಪಟ್ಟಿನವರೆಗೂ ಅಂತರವಿದೆ ಎಂದು ಪ್ರಕಟಿಸಿದರು. ಔಷಧ ಕಡಿಮೆಯಾದರೆ ರೋಗ ಹತೋಟಿಗೆ ಬಾರದು. ಹೆಚ್ಚಾದರೆ ಪ್ರಾಣಕ್ಕೇ ಅಪಾಯ.

1984ರಲ್ಲಿ ಅಮೆರಿಕವು ಹ್ಯಾಚ್–ವ್ಯಾಕ್ಸ್‌ಮನ್ ಕಾಯಿದೆಯನ್ನು ಜಾರಿಗೆ ತಂದಿತು. ಮೂಲ ಕಂಪನಿಯು ರೋಗಿಗಳ ಮೇಲೆ ನಡೆಸಿದ ದೀರ್ಘ ಪ್ರಯೋಗಗಳನ್ನು ಜೆನೆರಿಕ್ ತಯಾರಕನು ಮತ್ತೆ ನಡೆಸಬೇಕಾಗಿಲ್ಲ. ತನ್ನ ಮಾಲು ಮೂಲ ಮಾಲಿನಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತವನ್ನು ಸೇರುತ್ತದೆಂದು ತೋರಿಸಿದರೆ ಸಾಕು ಎಂಬ ಮಾರ್ಗವನ್ನು ಅದು ಭದ್ರಪಡಿಸಿತು. ಇದಕ್ಕೇ ಜೈವಿಕ ಸಮಾನತೆ ಎಂದು ಹೆಸರು. ಭಾರತದ ಜೆನೆರಿಕ್ ರಫ್ತು ಬೆಳೆದುದು ಈ ಬಾಗಿಲಿನ ಮೂಲಕವೇ.

ನಮ್ಮ ದೇಶದಲ್ಲಿ 2017ರ ಏಪ್ರಿಲ್ 3ರ ತಿದ್ದುಪಡಿಯು ಇದನ್ನು ಸಣ್ಣ ತಯಾರಕರ ಬಾಗಿಲಿಗೂ ತಂದಿತು. ಔಷಧಗಳನ್ನು ಅವುಗಳ ಕರಗುವಿಕೆ ಮತ್ತು ಕರುಳಿನ ಮೂಲಕ ಹಾಯುವ ಗುಣವನ್ನು ಅನುಸರಿಸಿ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಇವುಗಳಲ್ಲಿ ಸುಲಭವಾಗಿ ಕರಗದ 2 ಮತ್ತು 4ನೆಯ ವರ್ಗಗಳ ಔಷಧಗಳನ್ನು ಬಾಯಿಯ ಮೂಲಕ ಸೇವಿಸುವ ರೂಪದಲ್ಲಿ ತಯಾರಿಸಲು ಲೈಸೆನ್ಸ್ ಕೋರುವವರು, ಜೈವಿಕ ಸಮಾನತೆಯ ಅಧ್ಯಯನದ ಫಲಿತಾಂಶವನ್ನು ಅರ್ಜಿಯೊಡನೆ ಸಲ್ಲಿಸಬೇಕಾಯಿತು. 2017ಕ್ಕೆ ಮುನ್ನ ಲೈಸೆನ್ಸ್ ಪಡೆದ ಹಳೆಯ ಔಷಧಗಳೆಲ್ಲಕ್ಕೂ ಇಂಥ ಅಧ್ಯಯನ ನಡೆದಿರಲೇಬೇಕೆಂದಿಲ್ಲ ಎಂಬುದನ್ನೂ ವ್ಯಾಪಾರಿಗಳು ನೆನಪಿಡಬೇಕು.

ಅಧ್ಯಯನ ನಡೆಯುವ ಕ್ರಮ

ಉದಾಹರಣೆಗೆ 24 ಮಂದಿ ಆರೋಗ್ಯವಂತ ಸ್ವಯಂಸೇವಕರನ್ನು ತೆಗೆದುಕೊಳ್ಳೋಣ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಅವರನ್ನು ಎರಡು ಗುಂಪುಗಳಾಗಿ ಮಾಡಲಾಗುತ್ತದೆ. ಮೊದಲ ಗುಂಪಿನ 12 ಮಂದಿ ಮೊದಲು ಮೂಲ ಔಷಧವನ್ನು, ಅನಂತರ ಹೊಸ ತಯಾರಿಕೆಯನ್ನು ಸೇವಿಸುತ್ತಾರೆ. ಉಳಿದ 12 ಮಂದಿಗೆ ಕ್ರಮ ತಿರುವುಮುರುವು. ಹೀಗೆ ಪ್ರತಿಯೊಬ್ಬರೂ ಎರಡೂ ಮಾಲುಗಳನ್ನು ಸೇವಿಸುವುದರಿಂದ ಹೋಲಿಕೆಯು ಒಂದೇ ದೇಹದೊಳಗೆ ನಡೆಯುತ್ತದೆ. ಎರಡು ಬೇರೆ ಅಂಗಡಿಗಳ ವ್ಯಾಪಾರವನ್ನು ಹೋಲಿಸುವುದಕ್ಕಿಂತ ಒಂದೇ ಅಂಗಡಿಯ ಎರಡು ತಿಂಗಳ ವ್ಯಾಪಾರವನ್ನು ಹೋಲಿಸುವುದು ಹೆಚ್ಚು ನಂಬಲರ್ಹವಲ್ಲವೇ? ತತ್ತ್ವ ಅದೇ.

ಎರಡು ಸರದಿಗಳ ನಡುವೆ ಹಿಂದಿನ ಔಷಧವು ದೇಹದಿಂದ ತೊಲಗಲು ಅವಧಿ ಬಿಡಬೇಕು. ರಕ್ತದಲ್ಲಿರುವ ಔಷಧವು ಅರ್ಧಕ್ಕಿಳಿಯಲು ಬೇಕಾಗುವ ಕಾಲಕ್ಕೆ ಅರ್ಧಾಯುಷ್ಯ ಎನ್ನುತ್ತಾರೆ. ಸವಕಳಿಯನ್ನು ಪ್ರತಿ ವರ್ಷವೂ ಉಳಿದ ಮೌಲ್ಯದ ಮೇಲೆ ಲೆಕ್ಕ ಹಾಕುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದಲ್ಲ. ದರ ಶೇ. 50 ಎಂದಿಟ್ಟುಕೊಂಡರೆ 100 ಇದ್ದದ್ದು 50, 25, 12.5, 6.25, ಐದನೆಯ ಬಾರಿಗೆ 3.125 ಆಗುತ್ತದೆ. ಆದ್ದರಿಂದ ಕನಿಷ್ಠ ಐದು ಅರ್ಧಾಯುಷ್ಯಗಳ ಅಂತರವನ್ನು ಬಿಡುವುದು ರೂಢಿ.

ಮಾತ್ರೆ ಸೇವಿಸಿದ ಮೇಲೆ ಗೊತ್ತಾದ ಸಮಯಗಳಲ್ಲಿ ರಕ್ತ ತೆಗೆದು ಔಷಧದ ಮಟ್ಟವನ್ನು ಅಳೆಯುತ್ತಾರೆ. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಅದು ಗುಡ್ಡದಂತೆ ಏರಿ ಇಳಿಯುವ ಒಂದು ರೇಖೆಯಾಗುತ್ತದೆ. ಇದರಿಂದ ಮುಖ್ಯವಾಗಿ ಎರಡು ಅಂಕಿಗಳನ್ನು ಪಡೆಯುತ್ತಾರೆ. ಗುಡ್ಡದ ತುದಿಯ ಎತ್ತರ ‘ಸಿ-ಮ್ಯಾಕ್ಸ್’. ಗುಡ್ಡದ ಕೆಳಗಿನ ಒಟ್ಟು ವಿಸ್ತೀರ್ಣ ‘ಎಯುಸಿ’. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ತಿಂಗಳಲ್ಲಿ ಅತಿ ಹೆಚ್ಚು ವ್ಯಾಪಾರವಾದ ದಿನದ ಮೊತ್ತ. ಎರಡನೆಯದು ಇಡೀ ತಿಂಗಳ ವಹಿವಾಟು. ಎರಡೂ ಅಂಕಿಗಳು ಪ್ರತ್ಯೇಕವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

80ಕ್ಕೆ ಜೋಡಿ 120 ಏಕಲ್ಲ?

ಕೆಳಗೆ 20 ಬಿಟ್ಟರೆ ಮೇಲೆ 25 ಏಕೆ ಬಿಡಬೇಕು ಎಂದು ಕೆಲವರು ಕೇಳುತ್ತಾರೆ. ಉತ್ತರ ನಮ್ಮ ದಿನನಿತ್ಯದ ಅನುಭವದಲ್ಲೇ ಇದೆ. 100 ರೂಪಾಯಿಯ ಮಾಲಿಗೆ ಶೇ. 25 ಏರಿಸಿದರೆ 125. ಆ 125ರ ಮೇಲೆ ಶೇ. 20 ಸೋಡಿ ಬಿಟ್ಟರೆ ಮತ್ತೆ 100. ಅಂದರೆ ಅನುಪಾತದ ಲೆಕ್ಕದಲ್ಲಿ ಶೇ. 20ರ ಇಳಿಕೆಯೂ ಶೇ. 25ರ ಏರಿಕೆಯೂ ಸಮತೂಕದವು. ಮೂಲ ಮಾಲನ್ನು 100 ಎಂದಿಟ್ಟು ಹೊಸದು 80 ಇದ್ದರೆ, ಹೊಸದನ್ನೇ 100 ಎಂದಿಟ್ಟಾಗ ಮೂಲವು 125 ಆಗುತ್ತದೆ. ಯಾರನ್ನು ಯಾರೊಡನೆ ಹೋಲಿಸಿದರೂ ತೀರ್ಪು ಬದಲಾಗಬಾರದೆಂಬುದೇ ಇದರ ಉದ್ದೇಶ. ಈ ಸಮತೋಲನಕ್ಕಾಗಿಯೇ ಅಂಕಿಗಳನ್ನೆಲ್ಲ ಲಾಗರಿತಮ್‌ಗೆ ಪರಿವರ್ತಿಸಿ ಲೆಕ್ಕ ಹಾಕುತ್ತಾರೆ.

ಸರಾಸರಿಗಲ್ಲ, ವ್ಯಾಪ್ತಿಗೆ ಗಡಿ

ಈಗ ವಿಷಯದ ಹೃದಯಭಾಗಕ್ಕೆ ಬರೋಣ. 24 ಜನರಲ್ಲಿ ಕಂಡ ಸರಾಸರಿ ಅನುಪಾತವು ಅಂದಾಜು ಮಾತ್ರ. ಬೇರೆ 24 ಜನರನ್ನು ತೆಗೆದುಕೊಂಡಿದ್ದರೆ ಬೇರೊಂದು ಅಂಕಿ ಬರುತ್ತಿತ್ತು. ಆದ್ದರಿಂದ ಸಂಖ್ಯಾಶಾಸ್ತ್ರಜ್ಞರು ಒಂದೇ ಅಂಕಿಯನ್ನು ಹೇಳದೆ, ಅದರ ಅಕ್ಕಪಕ್ಕದಲ್ಲಿ ಒಂದು ವ್ಯಾಪ್ತಿಯನ್ನು ಕೊಡುತ್ತಾರೆ. ಇದಕ್ಕೆ ಶೇ. 90ರ ವಿಶ್ವಾಸ ವ್ಯಾಪ್ತಿ ಎಂದು ಹೆಸರು. ಇದೇ ಬಗೆಯ ಅಧ್ಯಯನವನ್ನು ಮತ್ತೆ ಮತ್ತೆ ನಡೆಸಿದರೆ, ಹೀಗೆ ಕಟ್ಟಿದ ನೂರು ವ್ಯಾಪ್ತಿಗಳಲ್ಲಿ ಸುಮಾರು ತೊಂಬತ್ತು ನಿಜವಾದ ಅನುಪಾತವನ್ನು ಒಳಗೊಂಡಿರುತ್ತವೆ ಎಂಬುದು ಇದರ ಅರ್ಥ. ನಿಯಮದ ಪ್ರಕಾರ ಸರಾಸರಿಯಷ್ಟೇ ಅಲ್ಲ, ಈ ಇಡೀ ವ್ಯಾಪ್ತಿಯು 80 ಮತ್ತು 125ರ ಒಳಗೆ ಕೂರಬೇಕು.

ಮೂರು ಕಾಲ್ಪನಿಕ ಮಾಲುಗಳನ್ನು ಲೆಕ್ಕ ಹಾಕಿ ನೋಡೋಣ. ಮೂರಕ್ಕೂ 24 ಸ್ವಯಂಸೇವಕರು. ಒಬ್ಬನೇ ವ್ಯಕ್ತಿಯಲ್ಲಿ ಒಂದೇ ಔಷಧದ ಮಟ್ಟವು ಬಾರಿಯಿಂದ ಬಾರಿಗೆ ಎಷ್ಟು ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ‘ಏರಿಳಿತ’ ಎಂದು ಕರೆಯಲಾಗಿದೆ.

ಮಾಲು ಅ: ಸರಾಸರಿ ಅನುಪಾತ ಶೇ. 95, ಏರಿಳಿತ ಶೇ. 20. ವ್ಯಾಪ್ತಿ 86.1ರಿಂದ 104.8. ತೇರ್ಗಡೆ.

ಮಾಲು ಆ: ಸರಾಸರಿ ಅನುಪಾತ ಶೇ. 85, ಏರಿಳಿತ ಶೇ. 20. ವ್ಯಾಪ್ತಿ 77.1ರಿಂದ 93.8. ನಪಾಸು.

ಮಾಲು ಇ: ಸರಾಸರಿ ಅನುಪಾತ ಶೇ. 95, ಏರಿಳಿತ ಶೇ. 40. ವ್ಯಾಪ್ತಿ 78.5ರಿಂದ 115.0. ನಪಾಸು.

ಮಾರುಕಟ್ಟೆಯ ಮಾತನ್ನು ನಂಬಿದವರು ಮಾಲು ‘ಆ’ ಪಾಸಾಗುತ್ತದೆಂದೇ ಭಾವಿಸುತ್ತಾರೆ. 85 ಎಂಬುದು 80ಕ್ಕಿಂತ ಹೆಚ್ಚಲ್ಲವೇ? ಆದರೆ ವ್ಯಾಪ್ತಿಯ ಕೆಳತುದಿ ಗಡಿಯನ್ನು ದಾಟಿರುವುದರಿಂದ ಅದು ನಪಾಸು. ಮಾಲು ‘ಇ’ಯ ಸ್ಥಿತಿ ಇನ್ನೂ ಗಮನಾರ್ಹ. ಅದರ ಸರಾಸರಿಯು ಮಾಲು ‘ಅ’ದಷ್ಟೇ ಇದ್ದರೂ, ಏರಿಳಿತ ಹೆಚ್ಚಾಗಿರುವ ಕಾರಣ 24 ಜನರ ಸಾಕ್ಷ್ಯ ಸಾಲದಾಯಿತು. ಅದೇ ಮಾಲನ್ನು 66 ಜನರಲ್ಲಿ ಪರೀಕ್ಷಿಸಿ ಅದೇ ಸರಾಸರಿ ಬಂದಿದ್ದರೆ ವ್ಯಾಪ್ತಿ 84.9ರಿಂದ 106.3ಕ್ಕೆ ಕುಗ್ಗಿ ತೇರ್ಗಡೆಯಾಗುತ್ತಿತ್ತು.

ಚಿಕ್ಕ ಮಾದರಿಗಳಿಂದ ಇಂಥ ಅಂದಾಜು ಮಾಡುವ ಗಣಿತವು ಹುಟ್ಟಿದುದು ಒಂದು ಕಾರ್ಖಾನೆಯಲ್ಲಿ ಎಂಬುದು ನಮ್ಮ ಓದುಗರಿಗೆ ಸಂತೋಷದ ಸಂಗತಿಯಾದೀತು. ಐರ್ಲೆಂಡಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಉದ್ಯೋಗಿಯಾಗಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಇದನ್ನು ಪ್ರಕಟಿಸಿದರು. ಮೇಲಿನ ಮೂರು ಲೆಕ್ಕಗಳಲ್ಲಿ ಬಳಸಿರುವುದೂ ಅವರ ಹೆಸರಿನ ಕೋಷ್ಟಕವನ್ನೇ.

ರುಜುವಾತಿನ ಹೊಣೆ ಯಾರದು?

ಈ ವಿಧಾನಕ್ಕೆ ಮುನ್ನ ಬಳಕೆಯಲ್ಲಿದ್ದ ಪರೀಕ್ಷೆಯು ‘ಎರಡು ಮಾಲುಗಳ ನಡುವೆ ವ್ಯತ್ಯಾಸ ಕಂಡುಬಂದಿದೆಯೇ’ ಎಂದು ಕೇಳುತ್ತಿತ್ತು. ಕೇಳಲು ಸರಿಯೆನಿಸಿದರೂ ಇದರಲ್ಲಿ ದೊಡ್ಡ ಲೋಪವಿದೆ. ಅಧ್ಯಯನವನ್ನು ಅಜಾಗರೂಕತೆಯಿಂದ, ಕಡಿಮೆ ಜನರಲ್ಲಿ ನಡೆಸಿದಷ್ಟೂ ವ್ಯತ್ಯಾಸವು ಗೋಚರಿಸುವ ಸಂಭವ ಕಡಿಮೆ. ಲೆಕ್ಕದ ಪುಸ್ತಕಗಳನ್ನೇ ತೆರೆಯದ ಪರಿಶೋಧಕನು ‘ಯಾವ ತಪ್ಪೂ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟಂತೆ. ತಪ್ಪು ಕಾಣದಿರುವುದು ಬೇರೆ, ಸರಿಯಿದೆಯೆಂದು ರುಜುವಾತಾಗುವುದು ಬೇರೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎಯ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ಶೂರ್ಮನ್ 1987ರ ಲೇಖನವೊಂದರಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳುವ ವಿಧಾನವೇ ಮೇಲೆಂದು ತೋರಿಸಿದರು. ಮಾಲು ಅಸಮಾನವೆಂದೇ ಮೊದಲು ಭಾವಿಸಬೇಕು. ಅದು 80ಕ್ಕಿಂತ ಕೆಳಗಿಲ್ಲವೆಂದು ಒಮ್ಮೆ, 125ಕ್ಕಿಂತ ಮೇಲಿಲ್ಲವೆಂದು ಇನ್ನೊಮ್ಮೆ, ಎರಡು ಪ್ರತ್ಯೇಕ ಪರೀಕ್ಷೆಗಳಲ್ಲಿ ತಯಾರಕನು ರುಜುವಾತು ಮಾಡಬೇಕು. ಪ್ರತಿ ಪರೀಕ್ಷೆಯಲ್ಲೂ ತಪ್ಪಿಗೆ ಅವಕಾಶ ಶೇ. 5 ಮಾತ್ರ. ಇವೆರಡನ್ನೂ ಒಟ್ಟಿಗೆ ಹೇಳುವ ಸುಲಭ ರೂಪವೇ ಶೇ. 90ರ ವಿಶ್ವಾಸ ವ್ಯಾಪ್ತಿ. 1992ರ ಎಫ್‌ಡಿಎ ಮಾರ್ಗಸೂಚಿಯು ಲಾಗರಿತಮ್ ಲೆಕ್ಕದೊಡನೆ ಈ ವಿಧಾನವನ್ನು ನೆಲೆಗೊಳಿಸಿತು. ನಿಜವಾದ ಅನುಪಾತ 80 ಅಥವಾ ಅದಕ್ಕಿಂತ ಕಡಿಮೆ ಇರುವ ಮಾಲು ಪಾಸಾಗುವ ಸಂಭವ ಇದರಿಂದ ನೂರಕ್ಕೆ ಐದನ್ನು ಮೀರದಂತಾಯಿತು. ಇದು ರೋಗಿಗೆ ದೊರೆತ ರಕ್ಷಣೆ.

ಸ್ವಯಂಸೇವಕರ ಸಂಖ್ಯೆಯೇ ಖರ್ಚು

ಇನ್ನು ತಯಾರಕನ ಜೇಬಿನ ಪ್ರಶ್ನೆ. ಅಧ್ಯಯನದ ವೆಚ್ಚವು ಬಹುಮಟ್ಟಿಗೆ ಸ್ವಯಂಸೇವಕರ ಸಂಖ್ಯೆಯನ್ನು ಅನುಸರಿಸುತ್ತದೆ. ಮಾಲು ನಿಜಕ್ಕೂ ಸಮಾನವಾಗಿದ್ದಾಗ ಐದು ಬಾರಿಯಲ್ಲಿ ನಾಲ್ಕು ಬಾರಿಯಾದರೂ ಪಾಸಾಗಬೇಕೆಂದು ಅಪೇಕ್ಷಿಸಿದರೆ ಬೇಕಾಗುವ ಒಟ್ಟು ಜನರ ಸಂಖ್ಯೆ ಹೀಗಿದೆ:

ಏರಿಳಿತ ಶೇ. 20 ಇದ್ದು, ನಿಜ ಅನುಪಾತ 95 ಆದರೆ 20 ಜನ. 90 ಆದರೆ 38 ಜನ.

ಏರಿಳಿತ ಶೇ. 30 ಇದ್ದು, ನಿಜ ಅನುಪಾತ 95 ಆದರೆ 40 ಜನ. 90 ಆದರೆ 80 ಜನ.

ಮಾಲಿನ ಹೊಂದಾಣಿಕೆಯಲ್ಲಿ ಕೇವಲ ಐದು ಅಂಶ ಹಿಂದೆ ಬಿದ್ದರೆ ಸ್ವಯಂಸೇವಕರ ಸಂಖ್ಯೆ ಸುಮಾರು ಇಮ್ಮಡಿಯಾಗುತ್ತದೆ. ನಿಜ ಅನುಪಾತ 85 ಇರುವ ಮಾಲಿಗೆ, ಏರಿಳಿತ ಶೇ. 20ರಷ್ಟೇ ಇದ್ದರೂ, 130ಕ್ಕಿಂತ ಹೆಚ್ಚು ಜನ ಬೇಕು. ಪ್ರಯೋಗಾಲಯದಲ್ಲಿ ಮಾತ್ರೆಯ ಕರಗುವಿಕೆಯನ್ನು ಮೂಲ ಔಷಧಕ್ಕೆ ಹೊಂದಿಸಲು ಎರಡು ತಿಂಗಳು ಹೆಚ್ಚು ದುಡಿದರೆ ಖರ್ಚಾದಂತೆ ತೋರುತ್ತದೆ. ನಿಜವಾಗಿ ಅದು ಉಳಿತಾಯ. ಅದನ್ನು ಬಿಟ್ಟು, ವೆಚ್ಚ ತಗ್ಗಿಸಲೆಂದು ಸ್ವಯಂಸೇವಕರ ಸಂಖ್ಯೆಯನ್ನು ಇಳಿಸಿದರೆ ವ್ಯಾಪ್ತಿಯು ಹಿಗ್ಗಿ ಒಳ್ಳೆಯ ಮಾಲೂ ನಪಾಸಾಗಬಹುದು.

ಮಾರುಕಟ್ಟೆಯಲ್ಲಿ ಕಂಡ ನಿಜವಾದ ಅಂತರ

ಹೀಗೆ ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಪಾಸಾದ ಮಾಲುಗಳು ಮೂಲಕ್ಕೆ ಎಷ್ಟು ಹತ್ತಿರವಿರುತ್ತವೆ? ಎಫ್‌ಡಿಎ ತಜ್ಞರು 1996ರಿಂದ 2007ರವರೆಗಿನ 12 ವರ್ಷಗಳಲ್ಲಿ ಸಲ್ಲಿಕೆಯಾಗಿ ಅನುಮೋದನೆಗೆ ಆಧಾರವಾದ 2,070 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದರು. ಜೆನೆರಿಕ್ ಮತ್ತು ಮೂಲ ಔಷಧಗಳ ನಡುವಿನ ಸರಾಸರಿ ಅಂತರವು ಎಯುಸಿಯಲ್ಲಿ ಶೇ. 3.56, ಸಿ-ಮ್ಯಾಕ್ಸ್‌ನಲ್ಲಿ ಶೇ. 4.35 ಮಾತ್ರ. ಜೆನೆರಿಕ್ ಎಂದರೆ ಶೇ. 20 ಕಡಿಮೆ ಎನ್ನುವವರಿಗೆ ಇದೇ ಸೂಕ್ತ ಉತ್ತರ.

ಎಲ್ಲ ಔಷಧಗಳಿಗೂ ಒಂದೇ ಗಡಿ ಒಪ್ಪುವುದಿಲ್ಲ. ಅಲ್ಪ ವ್ಯತ್ಯಾಸವೂ ಅಪಾಯ ತರಬಲ್ಲ ಔಷಧಗಳಿಗೆ ಯುರೋಪಿನ ನಿಯಂತ್ರಣ ಸಂಸ್ಥೆಯ 2010ರ ಮಾರ್ಗಸೂಚಿಯು ಎಯುಸಿಯ ಗಡಿಯನ್ನು 90.00ರಿಂದ 111.11ಕ್ಕೆ ಬಿಗಿಗೊಳಿಸಿತು. ಇಲ್ಲೂ 90 ಮತ್ತು 111.11 ಒಂದಕ್ಕೊಂದು ವಿಲೋಮವಾಗಿರುವುದನ್ನು ಗಮನಿಸಬಹುದು. ಸ್ವಭಾವತಃ ಏರಿಳಿತ ಹೆಚ್ಚಿರುವ ಔಷಧಗಳಿಗೆ, ಮೂಲ ಮಾಲಿನ ಏರಿಳಿತವನ್ನೇ ಅಳೆದು ಅದಕ್ಕೆ ತಕ್ಕಂತೆ ಗಡಿಯನ್ನು ಸಡಿಲಿಸುವ ಪ್ರತ್ಯೇಕ ವಿಧಾನವಿದೆ. ಅದಕ್ಕೆ ಹೆಚ್ಚು ಸರದಿಗಳ ಅಧ್ಯಯನ ಬೇಕಾಗುತ್ತದೆ.

ದಾಖಲೆ ಸುಳ್ಳಾದರೆ

ಲೆಕ್ಕದ ವಿಧಾನ ಎಷ್ಟೇ ಸೂಕ್ಷ್ಮವಾಗಿದ್ದರೂ ಮೂಲ ದಾಖಲೆ ಸುಳ್ಳಾದರೆ ಎಲ್ಲವೂ ವ್ಯರ್ಥ. 2016ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಅಧ್ಯಯನಗಳನ್ನು ಒಪ್ಪಲಾಗದೆಂದು ಎಫ್‌ಡಿಎ ಪ್ರಕಟಿಸಿತು. ತಪಾಸಣೆಯಲ್ಲಿ, ಸ್ವಯಂಸೇವಕರ ರಕ್ತದ ಮಾದರಿಗಳನ್ನು ಬದಲಿಸಿ ಫಲಿತಾಂಶವನ್ನು ತಿದ್ದಿದ ಗಂಭೀರ ಸಂಗತಿಗಳು ಕಂಡುಬಂದಿದ್ದವು. ಆ ಅಧ್ಯಯನಗಳನ್ನು ಆಧರಿಸಿ ಅರ್ಜಿ ಹಾಕಿದ್ದ ಕಂಪನಿಗಳು ಬೇರೆಡೆ ಪರೀಕ್ಷೆಯನ್ನು ಪುನಃ ನಡೆಸಬೇಕಾಯಿತು. ಎರಡು ಬೇರೆ ದೇಹಗಳ ರೇಖೆಗಳು ಒಂದರ ಮೇಲೊಂದು ಇಟ್ಟಂತೆ ಕೂಡುವುದು ಸಹಜವಲ್ಲ. ಏರಿಳಿತವಿಲ್ಲದ ರಕ್ತದ ಅಂಕಿಗಳು, ಒಂದೇ ಕೈಬರಹದ, ಒಂದೇ ಶಾಯಿಯ ವರ್ಷಪೂರ್ತಿ ವೋಚರುಗಳಂತೆ, ತಾವಾಗಿಯೇ ಅನುಮಾನ ಹುಟ್ಟಿಸುತ್ತವೆ. ಅಗ್ಗದ ದರಕ್ಕೆ ಮನಸೋತು ಪರೀಕ್ಷಾ ಸಂಸ್ಥೆಯನ್ನು ಆರಿಸುವವರು ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪರೀಕ್ಷಾ ಕೇಂದ್ರವು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಅನ್ವಯ ನೋಂದಣಿ ಪಡೆದಿರಬೇಕು. ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆಯೂ ಅಗತ್ಯ. ಇವುಗಳ ಪ್ರತಿಗಳನ್ನು ಕರಾರಿಗೆ ಮುನ್ನವೇ ಕೇಳಿ ಪಡೆಯಿರಿ.

2. ಔಷಧದ ಏರಿಳಿತ ತಿಳಿಯದಿದ್ದರೆ ಮೊದಲು ಚಿಕ್ಕ ಪ್ರಾಯೋಗಿಕ ಅಧ್ಯಯನ ಮಾಡಿಸಿ, ಅನಂತರ ಸ್ವಯಂಸೇವಕರ ಸಂಖ್ಯೆಯನ್ನು ನಿಗದಿಪಡಿಸುವುದು ಲೇಸು. ನಡುವೆ ಬಿಟ್ಟು ಹೋಗುವವರಿಗಾಗಿ ಕೆಲವರನ್ನು ಹೆಚ್ಚಾಗಿ ಸೇರಿಸಿಕೊಳ್ಳಬೇಕು.

3. ಪರೀಕ್ಷೆಗೆ ಕಳುಹಿಸುವ ಮಾಲು ಕೈಯಲ್ಲಿ ಆರಿಸಿ ಮಾಡಿದ ಪುಟ್ಟ ಮಾದರಿಯಾಗಬಾರದು. ವಾಣಿಜ್ಯ ಬ್ಯಾಚಿನ ಹತ್ತನೆಯ ಒಂದು ಭಾಗ ಅಥವಾ 1,00,000 ಮಾತ್ರೆಗಳು, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟಾದರೂ ಇರಬೇಕೆಂಬುದು ರಫ್ತು ಮಾರುಕಟ್ಟೆಗಳಲ್ಲಿ ಅನುಸರಿಸುವ ಮಾನದಂಡ.

4. ಬೇರೆಯವರಿಂದ ತಯಾರಿಸಿ ತಮ್ಮ ಹೆಸರಿನಲ್ಲಿ ಮಾರುವ ವ್ಯಾಪಾರಿಗಳು ವರದಿಯಲ್ಲಿ ನಾಲ್ಕು ಸಂಗತಿಗಳನ್ನು ನೋಡಬೇಕು: ಹೋಲಿಸಿದ ಮೂಲ ಔಷಧ ಯಾವುದು, ಸ್ವಯಂಸೇವಕರು ಎಷ್ಟು, ಸಿ-ಮ್ಯಾಕ್ಸ್ ಮತ್ತು ಎಯುಸಿ ಎರಡರ ವಿಶ್ವಾಸ ವ್ಯಾಪ್ತಿ ಏನು, ಪರೀಕ್ಷಿಸಿದ ಬ್ಯಾಚಿನ ಗಾತ್ರ ಎಷ್ಟು. ‘ಪಾಸ್’ ಎಂಬ ಒಂದು ಪದದ ಪತ್ರದಿಂದ ತೃಪ್ತರಾಗಬಾರದು.

5. ಒಮ್ಮೆ ಪಾಸಾದ ಮೇಲೆ ಪೂರಕ ಪುಡಿಯನ್ನಾಗಲಿ, ತಯಾರಿಕಾ ಕ್ರಮವನ್ನಾಗಲಿ ಅನುಮತಿಯಿಲ್ಲದೆ ಬದಲಿಸಕೂಡದು. ಬ್ರಿಸ್ಬೇನಿನ ಪಾಠ ಇದೇ. ಸಮಾನತೆಯ ಪ್ರಮಾಣಪತ್ರವು ಪರೀಕ್ಷಿಸಿದ ಮಾಲಿಗೆ ಸಲ್ಲುತ್ತದೆಯೇ ಹೊರತು ಕಂಪನಿಯ ಹೆಸರಿಗಲ್ಲ.

ಒಟ್ಟಿನಲ್ಲಿ 80–125 ಎಂಬುದು ತೂಕದಲ್ಲಿ ಬಿಟ್ಟುಕೊಟ್ಟ ರಿಯಾಯಿತಿಯಲ್ಲ. ಅದು ಸಾಕ್ಷ್ಯಕ್ಕೆ ಹಾಕಿದ ಗಡಿ. ಮಾಲು ಮೂಲಕ್ಕೆ ಹತ್ತಿರವಿದ್ದಷ್ಟೂ ಆ ಗಡಿಯೊಳಗೆ ನಿಲ್ಲುವ ಖರ್ಚು ಕಡಿಮೆ. ರೋಗಿಯ ಹಿತವೂ ತಯಾರಕನ ಲಾಭವೂ ಒಂದೇ ಕಡೆಗೆ ಮುಖ ಮಾಡಿರುವ ನಿಯಮಗಳು ವ್ಯಾಪಾರದಲ್ಲಿ ವಿರಳ. ಇದು ಅಂಥವುಗಳಲ್ಲಿ ಒಂದೆಂದು ತಿಳಿದು ಸದಸ್ಯರು ಇದರ ಸದುಪಯೋಗ ಪಡೆಯಬೇಕು.